ಕಾವಲಿಯ ಮೊದಲ ದೋಸೆ

ನಾನು ಅಕ್ಕಿ, ಉದ್ದು ಪೂರೈಸುವ ಪುಣೆಯ ಹೋಟೆಲುಗಳಲ್ಲಿ ಕುಂದಾಪುರದ ಭುಜಂಗನಷ್ಟು ಬಾಯಿಬಡುಕ ದೋಸೆ ಭಟ್ಟ ಇನ್ನೊಬ್ಬನಿಲ್ಲ. ಕೈ ಮಾತ್ರ ಬಾಯಿಗಿಂತ ಚುರುಕು. ಆ ಕೈಯ ಮೇಲೆ ಹಿಂಜವಾಡಿಯ ಕಂಪನಿಯೊಂದರ ಕಣ್ಣು ಬಿತ್ತು. ದೋಸೆ ಹೊಯ್ಯುವ ಯಂತ್ರಕ್ಕೆ ಅವರು ವಿದ್ಯೆ ಕಲಿಸಬೇಕಿತ್ತು.

ಕಂಪನಿಯ ರಕ್ಷಿತಾ ಕ್ಯಾಮೆರಾ ಕೂರಿಸಿದ ಟೊಪ್ಪಿಗೆಯನ್ನು ಭುಜಂಗನ ತಲೆಗಿಟ್ಟು, “ದಿನಾ ಹಾಕ್ಕೊಂಡು ಕೆಲಸ ಮಾಡಿ ಅಣ್ಣ, ವಿಡಿಯೋ ನೋಡಿ ಮಷೀನು ಕಲಿಯುತ್ತೆ. ಕೊನೆಗೆ ಟೊಪ್ಪಿ ನಿಮಗೇ,” ಎಂದಳು.

“ಸಂಬಳ?”

“ಇದು ಸಹಯೋಗ ಅಣ್ಣ.”

ಮರುದಿನ ನಾನೂ ನನ್ನ ಸಗಟು ವ್ಯಾಪಾರಿಗೆ ಸಹಯೋಗ ಎಂದು ಹೇಳಿ ನೋಡಿದೆ. ಅವನು ಉದ್ದಿನ ಮೂಟೆಯನ್ನೇ ಇಳಿಸಲಿಲ್ಲ.

ಭುಜಂಗ ದಿನವೂ ಟೊಪ್ಪಿ ಹಾಕಿದ, ಆದರೆ ಬೆಳಗಿನ ಮೊದಲ ದೋಸೆಗೆ ಮಾತ್ರ. ಮೊದಲನೆಯದು ಕಾವಲಿಗೆ ಅಂಟುತ್ತದೆ. ಅದನ್ನು ಕೆರೆದು ಬಕೆಟ್ಟಿಗೆ ಎಸೆಯುವುದು ಭಟ್ಟರ ಪದ್ಧತಿ. ಎರಡನೆಯದು ಹೊಯ್ಯುವಾಗ ಟೊಪ್ಪಿ ಗೋಡೆಯ ಮೊಳೆಯ ಮೇಲಿರುತ್ತಿತ್ತು.

ಕೆಲವು ತಿಂಗಳಿಗೆ, ನಾನು ಹೋಟೆಲಿನಲ್ಲಿ ಅಕ್ಕಿ ಇಳಿಸುತ್ತಿದ್ದಾಗ, ರಕ್ಷಿತಾ ಓಡಿಬಂದಳು. “ಅಣ್ಣ, ನಮ್ಮ ಮಷೀನು ಹೊಯ್ದ ದೋಸೇನೆಲ್ಲ ಕೆರೆದು ಬಕೆಟ್‌ಗೆ ಹಾಕ್ತಿದೆ!”

“ಒಳ್ಳೆ ಶಿಷ್ಯ ಮಾರಾಯ್ರೆ! ಕಲಿಸಿದ್ದನ್ನೇ ಮಾಡ್ತದೆ.”

“ತಿನ್ನೋ ದೋಸೆ ಯಾವಾಗ ತೋರಿಸ್ತೀರ?”

“ತಿನ್ನುದಕ್ಕೆ ಗಿರಾಕಿಗಳು ದುಡ್ಡು ಕೊಡ್ತಾರೆ, ನೀವೂ ಕೊಡಿ. ಪುಕ್ಕಟೆಗೆ ಮೊದಲನೆಯದೇ.”

ರಕ್ಷಿತಾ ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು, “ಎಷ್ಟು ಕೊಡ್ಬೇಕು?” ಎಂದಳು. ಭುಜಂಗ ಸಟ್ಟುಗದಿಂದ ನನ್ನ ಕಡೆ ತೋರಿಸಿ, “ವ್ಯಾಪಾರ ಗೊತ್ತಿದ್ದವರು ಇವರು, ದರ ಇವರೇ ಹೇಳ್ತಾರೆ,” ಎಂದ.

“ಕುಂದರ್ರಿ ಮೇಡಮ್, ಮೊದಲು ಚಾ ಕುಡೀರಿ,” ಎಂದೆ. ದೊಡ್ಡ ದರವನ್ನು ಗಿರಾಕಿಯನ್ನು ನಿಲ್ಲಿಸಿಕೊಂಡು ಹೇಳಬಾರದು.