ನಿಲ್ಲದ ಕೈಯ ಚಿತ್ರ

ನಕಲು ಮಾಡುವುದರಲ್ಲಿ ನಾನು ಯಾರನ್ನೂ ಬಿಟ್ಟವನಲ್ಲ. ಅಕ್ಕಲಕೋಟೆ ಬಸ್ಸಿನ ಕಂಡಕ್ಟರನ ಮೂಗುದನಿ, ಸೊಲ್ಲಾಪುರದ ನಮ್ಮ ಚಿತ್ರಕಲೆ ಸರ್ ಕೆಮ್ಮುವ ರೀತಿ, ಕನ್ನಡಿ ಮುಂದೆ ನನ್ನದೇ ಒಣ ಧಿಮಾಕು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ಅಪ್ಪನ ಬಲಗೈಯನ್ನೂ ಮಾಡಿದೆ. ವರ್ಷದಿಂದ ಅದು ನಡುಗುತ್ತಿತ್ತು. ಗೆಳೆಯರು ಬಿದ್ದು ಬಿದ್ದು ನಕ್ಕರು. ತಿರುಗಿದರೆ ಬಾಗಿಲಲ್ಲಿ ಅಪ್ಪ. ಬಲಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡು ಒಳಗೆ ಹೋದ.

ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಯೊಂದರಲ್ಲಿ ಅರಿವೆ ಅಳೆದು ಕತ್ತರಿಸುವುದು ಅವನ ಕೆಲಸ.

ಆ ವಾರ ಸರ್, ಮನುಷ್ಯನ ಕೈಯನ್ನು ಪೆನ್ಸಿಲಿನಲ್ಲಿ ಇದ್ದದ್ದು ಇದ್ದಂತೆ ಬರೆದು ತರಲು ಹೇಳಿದ್ದರು. ನನ್ನ ಮೊದಲ ಪ್ರಯತ್ನಕ್ಕೆ ಸಿಕ್ಕ ಪ್ರಶಸ್ತಿ: "ಇದು ಕೈ ಏನೋ, ಬಾಳಿಗೊನಿ?" ಅಪ್ಪನನ್ನು ಕೇಳಲು ಮುಖವಿರಲಿಲ್ಲ. ಭಾನುವಾರ ಅವನೇ ಬಂದು ಕೂತು, ಮಣೆಯ ಮೇಲೆ ಕೈಯಿಟ್ಟ.

"ಚಿತ್ರ ತೆಗಿ."

ಕೈ ನಿಲ್ಲಲಿಲ್ಲ. ಎಡಗೈಯಿಂದ ಮಣಿಕಟ್ಟು ಒತ್ತಿ ಹಿಡಿದ, ನಡುಕ ಬೆರಳಿಗಿಳಿಯಿತು. ನಡುನಡುವೆ ಅದು ತುಸು ತಡೆದಾಗಷ್ಟೇ ನಾನೊಂದು ಗೆರೆ ಎಳೆಯುತ್ತಿದ್ದೆ. ಗೆಣ್ಣಿನ ಮಡಿಕೆ, ನರದ ಪಕ್ಕದ ತೆಳು ನೆರಳು, ಕತ್ತರಿಯ ಹಿಡಿಕೆ ಹೆಬ್ಬೆರಳ ಬುಡದಲ್ಲಿ ಕೂರಿಸಿದ್ದ ಗಟ್ಟಿ ದಡ್ಡು. ಎರಡು ತಾಸಿಗೆ ಅಪ್ಪನ ಕೈ ಕಾಗದದ ಮೇಲೆ ಸುಮ್ಮನೆ ಮಲಗಿತ್ತು.

ಅಪ್ಪ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಇದರಾಗ ನನ್ನ ಕೈ ಬೇಸ್ ಅದ. ಈಗ ಅವತ್ತ ಹುಡುಗರ ಮುಂದ ಮಾಡಿದ್ಯಲ್ಲ, ಅದನ್ನ ಮಾಡು."

"ಬ್ಯಾಡ ಅಪ್ಪಾ, ನಂದ ತಪ್ಪಾತು."

"ಬಯ್ಯಾಕ ಕೇಳಾಕತ್ತಿಲ್ಲಲೇ. ಗಿರಾಕಿ ಕಣ್ಣಿಗೆ ಈ ನಡುಕ ಎಷ್ಟ ಕಾಣ್ತದ, ನಂಗ ತಿಳೀವಲ್ದು. ಕತ್ತರಿ ಹಿಡೀತಿಯೋ, ಗೋದಾಮದಾಗ ಕೂಡ್ತಿಯೋ, ನಾಳಿ ಹೇಳು ಅಂದಾರ ಮಾಲಕರು. ಮಾಡು."

ಕೈ ಎತ್ತಿದೆ. ಅವನ ಕಣ್ಣು ನೋಡಿ, ಇದ್ದದ್ದರ ಅರ್ಧಕ್ಕಿಂತ ಕಡಿಮೆ ನಡುಗಿಸಿದೆ.

"ಇಷ್ಟೇ ಏನ್?"

"ಇಷ್ಟೇ. ಯಾರಿಗೂ ಕಾಣಂಗಿಲ್ಲ."

ಅಪ್ಪನ ಮುಖ ಅರಳಿತು. ಮರುದಿನ ಇಸ್ತ್ರಿಯ ಅಂಗಿ ತೊಟ್ಟು, ಮಾಲಕರಿಗೆ ಕತ್ತರಿಯೇ ಹಿಡಿಯುವೆನೆಂದು ಹೇಳಲು ಹೋದ.

ಮಧ್ಯಾಹ್ನಕ್ಕೇ ಮರಳಿದ. ಮದುವೆ ಮನೆಯವರ ರೇಷ್ಮೆ ಅವನ ಕತ್ತರಿಯಲ್ಲಿ ವಾರೆ ಹೋಗಿತ್ತು. ಮಾಲಕರು ಬಯ್ಯಲಿಲ್ಲವಂತೆ, ಗಿರಾಕಿಗಳೆದುರೇ ಕೈಯಿಂದ ಕತ್ತರಿ ತೆಗೆದುಕೊಂಡರಂತೆ.

"ಊರ ಮಂದೀದೆಲ್ಲಾ ಬರೋಬರ್ ಮಾಡ್ತಿ," ಅಪ್ಪ ಚಪ್ಪಲಿ ಬಿಡುತ್ತಾ ಹೇಳಿದ, "ನಂದೊಂದ ತಪ್ಪಿತಲ್ಲೋ."

ತಪ್ಪಿದ್ದಲ್ಲ, ತಪ್ಪಿಸಿದ್ದು ಎಂದು ಹೇಳಲಾಗಲಿಲ್ಲ.

"ಹೂಂ ಅಪ್ಪಾ," ಅಂದೆ, "ತಪ್ಪಿತು."