ಅಣ್ಣನ ಕಾಲುಗಳು ಮಿಷನ್ ತುಳಿದ ಮಧ್ಯಾಹ್ನ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಮುಖಕ್ಕೇ ನಕ್ಕವನು. ದೆವ್ವ, ಮೈಮೇಲೆ ಬರುವುದು, ಸತ್ತವರು ಕರೆಯುವುದು, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ಕಾರಣ ಸಿದ್ಧವಿರುತ್ತಿತ್ತು. ಅರವತ್ತರ ದಶಕದಲ್ಲಿ ಹೊಸನಗರದಲ್ಲಿ ಹೈಸ್ಕೂಲು ವಿಜ್ಞಾನ ಮೇಷ್ಟ್ರಾಗಿದ್ದೆ. ಊರಿಗೆಲ್ಲ ತಿಳಿದವನು ನಾನೊಬ್ಬನೇ ಎಂಬ ಕೊಬ್ಬು ಬೇರೆ. ಈಗ ನೀವು ನನ್ನ ಮುಖಕ್ಕೆ ನಕ್ಕರೆ ನನ್ನದೇನೂ ತಕರಾರಿಲ್ಲ.

ನನ್ನ ಅಣ್ಣ ಮಂಜಪ್ಪ ತೀರ್ಥಹಳ್ಳಿ ಪೇಟೆಯಲ್ಲಿ ದರ್ಜಿಯಾಗಿದ್ದ. ಸಾಗರದಿಂದ ತಂದ ಬಟ್ಟೆ ಗಂಟು ಇಳಿಸಲೆಂದು ಬಸ್ಸಿನ ಟಾಪು ಹತ್ತಿದವನು ಕಾಲು ಜಾರಿ ಬೆನ್ನಡಿಯಾಗಿ ಬಿದ್ದ. ಸೊಂಟದ ಕೆಳಗೆ ಸ್ವಾಧೀನವೆಲ್ಲ ಹೋಯಿತು. ಬೆನ್ನುಹುರಿ ತುಂಡಾಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು ಆಸ್ಪತ್ರೆಯವರು. ಅತ್ತಿಗೆ ಗಿರಿಜಮ್ಮ ಅಂಗಡಿಯಲ್ಲಿದ್ದ ಹೊಲಿಗೆ ಮಿಷನ್ನನ್ನು ಮನೆಗೆ ತರಿಸಿ ತಾವೇ ಹೊಲಿಯಲು ಕೂತರು. ಎಷ್ಟೇ ಕೆಲಸವಿರಲಿ, ದಿನಾ ಬೆಳಿಗ್ಗೆ ಅವನ ಕಾಲುಗಳನ್ನು ಎತ್ತಿ, ಮಡಿಸಿ, ಎಣ್ಣೆ ತಿಕ್ಕುವುದನ್ನು ಬಿಡಲಿಲ್ಲ.

ನಾಲ್ಕೈದು ತಿಂಗಳ ಮೇಲೆ ಅತ್ತಿಗೆಯಿಂದ ಕಾಗದ ಬಂತು, ಕಾಲುಗಳು ಆಡುತ್ತಿವೆ ಎಂದು. ಭಾನುವಾರ ಹೋದೆ. ಅಣ್ಣನ ಅಂಗಾಲನ್ನು ಉಗುರಿನಿಂದ ಗೀರಿದೆ. ಮೊಣಕಾಲು ತಟಕ್ಕನೆ ಮಡಚಿಕೊಂಡಿತು, ಆದರೆ ಮುಟ್ಟಿದ್ದೇ ಅವನಿಗೆ ಗೊತ್ತಾಗಲಿಲ್ಲ. ನನಗೆ ಅಷ್ಟು ಸಾಕಾಯಿತು, ಮಂಚದ ಪಕ್ಕದಲ್ಲೇ ಪಾಠ ಶುರುಮಾಡಿದೆ. ನಾವು ನಿಂತಿರುವಾಗ ಮೈ ಮುಂದಕ್ಕೆ ವಾಲಿದರೆ ಮೀನಖಂಡ ತಾನಾಗಿ ಬಿಗಿಯುತ್ತದಲ್ಲ, ಅದು ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಸ್ನಾಯು ಎಳೆದ ಸುದ್ದಿ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ಉತ್ತರ ಬರುತ್ತದೆ. ನಡೆಯುವಾಗ ಒಂದು ಸ್ನಾಯು ಬಿಗಿದರೆ ಎದುರಿನದು ಸಡಿಲಾಗುವಂತೆ ನೋಡಿಕೊಳ್ಳುವುದೂ ಅದೇ. ಮಿದುಳಿನ ಸಂಬಂಧ ಕಡಿದರೂ ಕೆಳಗಿನ ತುಂಡು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ತಲೆ ತೆಗೆದ ಕಪ್ಪೆಯ ಮೈಗೆ ಆಸಿಡ್ ತಾಗಿಸಿದರೆ ಕಾಲಿನಿಂದ ಒರೆಸಿಕೊಳ್ಳುತ್ತದೆ, ಕ್ಲಾಸಿನಲ್ಲಿ ತೋರಿಸಿದ್ದೇನೆ ಎಂದೆ.

"ಹಂಗಾರೆ ನಾನೀಗ ಕಪ್ಪೆ ಆದ್ನೇನೋ?" ಎಂದ ಅಣ್ಣ. ನಗುತ್ತಲೇ ಕೇಳಿದ. ಆ ನಗು ನೆನಪಾದರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅತ್ತಿಗೆ ಒಪ್ಪಲಿಲ್ಲ. "ಗೀರಿದ್ರೆ ಆಡೋದು ನಂಗೂ ಗೊತ್ತು. ನಾ ಮಿಷನ್ ತುಳಿವಾಗ ಇವ್ರ ಕಾಲೂ ತುಳೀತವೆ. ನಾ ನಿಲ್ಸಿದ್ರೆ ನಿಲ್ತವೆ. ನೀವೇ ಕೂತು ನೋಡಿ. ಹೌದು ಅಂದ್ರೆ ನಾಳೆನೇ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಕರ್ಕಂಡು ಹೋಗಾನ. ಇಲ್ಲ ಅಂದ್ರೆ ನಾನಿನ್ನು ಕೇಳಲ್ಲ" ಎಂದರು.

ಮಿಷನ್ನಿನ ಅದುರು ನೆಲದಿಂದ ಮಂಚಕ್ಕೆ ಹತ್ತುತ್ತದೆ, ಅಷ್ಟೇ ಎಂದೆ. ಅದನ್ನು ತೋರಿಸಿಯೇ ಬಿಡುತ್ತೇನೆಂದು ಮಿಷನ್ನನ್ನು ರಸ್ತೆಯಾಚೆ ಎದುರುಮನೆಯ ಜಗಲಿಗೆ ಹೊರಿಸಿದೆ. ಪಕ್ಕದ ಹಿಟ್ಟಿನ ಗಿರಣಿ ಒಂದೇ ಸಮನೆ ಓಡುತ್ತಿತ್ತು, ಬೇರೆ ಸದ್ದು ಕೇಳುವ ಹಾಗಿರಲಿಲ್ಲ. ಅಣ್ಣನಿಗೆ ಅತ್ತಿಗೆ ಕಾಣಬಾರದೆಂದು ಅವನ ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿಸಿದೆ. ನಾನು ಕಿಟಕಿಯ ಬಳಿ ಕೂತೆ. ಅಲ್ಲಿಂದ ಅತ್ತಿಗೆಯ ಪಾದಗಳೂ ಕಾಣುತ್ತಿದ್ದವು, ಅಣ್ಣನ ಪಾದಗಳೂ.

ಅತ್ತಿಗೆ ತುಳಿಯತೊಡಗಿದರು. ಅಣ್ಣನ ಪಾದಗಳೂ ಅಲುಗಾಡಿದವು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಅವರು ಸೂಜಿಗೆ ದಾರ ಪೋಣಿಸಲು ನಿಲ್ಲಿಸಿದರು, ಇವು ನಿಂತವು. ಅವರು ಬಟ್ಟೆ ತಿರುಗಿಸಿಕೊಂಡು ನಿಧಾನಕ್ಕೆ ತುಳಿದರು, ಇವೂ ನಿಧಾನಕ್ಕೆ ತುಳಿದವು. ಹೀಗೆ ನಾಲ್ಕು ಸಲ ಆಯಿತು. ಬೆನ್ನುಹುರಿಗೆ ಕಣ್ಣಿಲ್ಲ, ಕಿವಿಯಿಲ್ಲ. ರಸ್ತೆಯಾಚೆಯ ಸುದ್ದಿ ಅದಕ್ಕೆ ಹೇಳಿದವರು ಯಾರು?

"ಆಡ್ತವೇನೋ?" ಎಂದು ಗೋಡೆಗೆ ಮುಖ ಮಾಡಿಕೊಂಡೇ ಕೇಳಿದ ಅಣ್ಣ.

"ಇಲ್ಲ" ಎಂದೆ.

ಹೆದರಿದ್ದೆ, ನಿಜ. ಆದರೆ ಗಂಟೆಯ ಹಿಂದೆ ಮಾಡಿದ ಪಾಠ ಸುಳ್ಳಾಗಬಾರದೆಂಬ ಹಟ ಅದಕ್ಕಿಂತ ದೊಡ್ಡದಿತ್ತು. ಅತ್ತಿಗೆ ಓಡಿಬಂದು ನನ್ನ ಮುಖ ನೋಡಿದಾಗಲೂ ಇಲ್ಲವೆಂದು ತಲೆಯಾಡಿಸಿದೆ. ಅಣ್ಣ ಮತ್ತೆ ಕಾಲಿನ ಮಾತೆತ್ತಲಿಲ್ಲ. ಮಾರನೆಯ ದಿನದಿಂದ ಎತ್ತುವುದು, ಮಡಿಸುವುದು, ಎಣ್ಣೆ ತಿಕ್ಕುವುದು ಎಲ್ಲ ನಿಂತಿತಂತೆ. ಮಲಗಿದಲ್ಲೇ ಮಲಗಿ ಬೆನ್ನಿಗೆ ಹುಣ್ಣಾಗಿ, ಜ್ವರ ಹಿಡಿದು, ಮೂರು ತಿಂಗಳಿಗೆ ಹೋಗಿಬಿಟ್ಟ.

ಆಮೇಲೆ ಸಿಕ್ಕಸಿಕ್ಕ ಡಾಕ್ಟರರನ್ನೆಲ್ಲ ಕೇಳಿದ್ದೇನೆ. ಕಾಲಿನ ನಡುಕ ಎಂದರು, ಕಾಕತಾಳೀಯ ಎಂದರು, ನಿಮ್ಮ ಕಣ್ಣಿನ ಭ್ರಮೆ ಎಂದರು. ದೊಡ್ಡಾಸ್ಪತ್ರೆಗೆ ಹೋಗಿದ್ದರೂ ಅವನು ಏಳುತ್ತಿರಲಿಲ್ಲ ಎಂದೂ ಹೇಳಿದರು. ಇರಬಹುದು. ನಾನು ಕಂಡದ್ದು ಏನೆಂದು ನನಗೆ ಇನ್ನೂ ಗೊತ್ತಿಲ್ಲ.

ಅಣ್ಣನ ಹದಿಮೂರನೇ ದಿನದ ಊಟ ಮುಗಿಸಿ ಹೊಸನಗರದ ಬಸ್ಸಿಗೆ ಹೊರಟಿದ್ದೆ. ಅತ್ತಿಗೆ ಬಾಗಿಲಿಗೆ ಬಂದರು. "ಆವತ್ತು ಕಾಲು ಆಡ್ಲೇ ಇಲ್ಲ ಅಲ್ವಾ? ನಾ ತಿಕ್ಕೋದು ಬಿಟ್ಟಿದ್ದು ತಪ್ಪಾಗ್ಲಿಲ್ಲ ಅಲ್ವಾ?" ಎಂದು ಕೇಳಿದರು.

ತಪ್ಪಾಗಲಿಲ್ಲ ಎಂದೆ. ಅವರು ನಂಬಿದರು.