ಎಲ್ಲಮ್ಮನ ಕೆಳಗಿನ ನಂಬರು

ಸ್ಕ್ರೂಡ್ರೈವರ್ ಕಲ್ಲಿಗೆ ತಾಗುವ ಮೊದಲೇ ಅಜ್ಜಿ ನನ್ನ ಕೈ ಹಿಡಿದಳು.

"ಕಬ್ಬಣ ಹಚ್ಚಬ್ಯಾಡಲೇ. ಆಕಿ ಏನ್ ನಿನ್ನ ಲಿಫ್ಟ್ ಏನು?"

ನಾನು ಲಿಫ್ಟ್ ರಿಪೇರಿ ಮಾಡುವವನು. ಬೇರೆ ಹತಾರ ಹೊಳೆದಿರಲಿಲ್ಲ. ಆಕಿ ಅಂದರೆ ಮುಂಬೈಯ ಪರೇಲ್‌ನಲ್ಲಿ ನಾವಿರುವ ಚಾಳಿನ, ಅಂದರೆ ವಠಾರದ, ನಲ್ಲಿ ಪಕ್ಕದ ಎಲ್ಲಮ್ಮ. ಮೊಣಕಾಲೆತ್ತರದ ಕಲ್ಲು. ಎಣ್ಣೆ, ಸಿಂಧೂರ ಬಳಿದು ಬಳಿದು ಈಗ ಬರೀ ಕೆಂಪು ಉಂಡೆ.

ಅದರ ಕಥೆ ಚಾಳಿನಲ್ಲಿ ಎಲ್ಲರಿಗೂ ಗೊತ್ತು. ವಿಜಯಪುರ ಕಡೆಯ ಹೆಂಗಸೊಬ್ಬಳು ಮಿಲ್ ಕೆಲಸಕ್ಕೆ ಬರುವಾಗ ಎಲ್ಲಮ್ಮನನ್ನು ಬುಟ್ಟಿಯಲ್ಲಿ ಹೊತ್ತು ತಂದಳಂತೆ. ನೀರು ಕುಡಿಯಲು ಇಲ್ಲಿ ಇಳಿಸಿದಳು. ಮತ್ತೆ ಎತ್ತಲು ಹೋದರೆ ಎಲ್ಲಮ್ಮ ಏಳಲಿಲ್ಲ. ಮಿಲ್ ಹೋಗಿ ಗಾಜಿನ ಆಫೀಸ್ ಬಂದರೂ ಏಳಲಿಲ್ಲ.

ಈಗ ಚಾಳು ಒಡೆದು ಟವರ್ ಕಟ್ಟುತ್ತಾರೆ. ಕಲ್ಲು ಪಾರ್ಕಿಂಗ್ ಗೇಟಿಗೆ ಅಡ್ಡ ಬರುತ್ತದೆ, ಹಿಂದಿನ ಗೋಡೆ ಹತ್ತಿರ ಟೈಲ್ಸ್ ಗುಡಿ ಕಟ್ಟಿಕೊಡುತ್ತೇವೆ ಅಂದ ಬಿಲ್ಡರನ ಸೂಪರ್‌ವೈಸರ್. ಹಳೇ ಜಾಗ ಅನ್ನೋದಕ್ಕೆ ಕಾಗದ ಇದ್ದರೆ ತನ್ನಿ, ನೋಡೋಣ ಅಂತಲೂ ಅಂದ. ಅವತ್ತಿನಿಂದ ಅಜ್ಜಿ ಸರಿಯಾಗಿ ಉಣ್ಣಲಿಲ್ಲ. ಏಳದ ದೇವರನ್ನು ಏಳಿಸುವುದು ತನ್ನ ಕಣ್ಣೆದುರು ಆಗಬಾರದು ಅಂತ.

ನಾನು ಒಂದು ದಿನ ಕೆಲಸ ಬಿಟ್ಟು, ಫೋರ್ಟ್ ಏರಿಯಾದಲ್ಲಿ ಹಳೇ ಕಾಗದ ಇಡುವ ಸರ್ಕಾರಿ ಆಫೀಸಿಗೆ ಹೋದೆ. ಓದಿದ್ದು ಏಳನೇ ಕ್ಲಾಸ್, ಇಂಗ್ಲಿಷ್ ಬರುವುದಿಲ್ಲ. ಅಲ್ಲಿನ ಮೇಡಂ ಬಟ್ಟೆಗೆ ಅಂಟಿಸಿದ ನಕ್ಷೆಯೊಂದನ್ನು ಬಿಡಿಸಿ ಮರಾಠಿಯಲ್ಲಿ ಹೇಳಿದರು. ನಕ್ಷೆಯಲ್ಲಿ ಚಾಳೇ ಇರಲಿಲ್ಲ, ಗದ್ದೆ ಇತ್ತು. ನಮ್ಮ ನಲ್ಲಿಯ ಜಾಗದಲ್ಲಿ ಗುಡಿಯೂ ಇರಲಿಲ್ಲ. ಒಂದು ಕರಿ ಚುಕ್ಕೆ, ಪಕ್ಕಕ್ಕೊಂದು ನಂಬರು. ಸರ್ವೆಯವರು ನೆಟ್ಟ ಗಡಿ ಕಲ್ಲು ಅಂದರು. ಅದನ್ನು ಬಿಲ್ಡರ್ ತನ್ನಷ್ಟಕ್ಕೆ ಕೀಳುವಂತಿಲ್ಲ. ಆದರೆ ಕಲ್ಲಿನ ಮೇಲೆ ಅದೇ ನಂಬರು ಇರುವುದನ್ನು ತೋರಿಸಬೇಕು.

ಇದನ್ನು ಅಜ್ಜಿಗೆ ಹೇಗೆ ಹೇಳುವುದು ಅಂತ ಲೋಕಲ್ ಟ್ರೇನಿನಲ್ಲಿ ಬರುತ್ತಾ ಯೋಚಿಸಿದೆ. ಹೊಳೆಯಲಿಲ್ಲ. ಹೇಳದೆ ಸಿಂಧೂರ ಕೆರೆಯಲು ಕೂತೆ, ಸಿಕ್ಕಿಬಿದ್ದೆ.

"ಕಾಗದದಾಗ ಆಕಿ ದೇವರಲ್ಲಜ್ಜಿ. ಸರ್ಕಾರದ ಗಡಿ ಕಲ್ಲು."

"ಅಂದ್ರ?"

"ಯಾರೂ ಕೀಳಂಗಿಲ್ಲ."

"ಇಷ್ಟ ವರ್ಷ ನಾ ಮತ್ತೇನ್ ಹೇಳೀನಿ?"

ನಂಬರು ನೋಡಬೇಕು ಅಂದೆ. ಮಂಗಳವಾರದ ತನಕ ತಡಿ ಅಂದಳು. ಸಿಂಧೂರ ಅತಿಯಾಗಿ ದಪ್ಪವಾದರೆ ಆ ಪದರವನ್ನು ದೇವರ ಕವಚ ಅಂತ ಬಿಡಿಸುವ ಪದ್ಧತಿ ಚಾಳಿನ ಮರಾಠಿ ಹೆಂಗಸರಲ್ಲಿದೆ. ಮಂಗಳವಾರ ಬೆಳಿಗ್ಗೆ ಅವರೂ ಬಂದರು. ಬಿಸಿ ಎಣ್ಣೆ ಸುರಿದು, ತೆಂಗಿನ ನಾರಿನಿಂದ ತಿಕ್ಕಿದರು. ಕೆಂಪು ಹೆಂಟೆ ಹೆಂಟೆಯಾಗಿ ಬಿತ್ತು. ಕೆಳಗೆ ಕರಿ ಕಲ್ಲು, ಅದರಲ್ಲಿ ಕೊರೆದ ಬಾಣದ ಗುರುತು, ನಂಬರು. ಮೇಡಂ ಬರೆದುಕೊಟ್ಟಿದ್ದ ಅದೇ ನಂಬರು. ಫೋಟೋ ತೆಗೆದೆ. ಅಜ್ಜಿ ನಂಬರಿನ ಮೇಲೆ ಒಂದು ಸಲ ಬೆರಳಾಡಿಸಿದಳು.

ಬಿದ್ದ ಕವಚವನ್ನು ಹಸಿರು ಖಣದ ಬಟ್ಟೆಯಲ್ಲಿ ಕಟ್ಟಿ ದಾದರ್ ಸಮುದ್ರಕ್ಕೆ ಬಿಟ್ಟು ಬಂದೆವು.

ಸೂಪರ್‌ವೈಸರ್ ಫೋಟೋ ನೋಡಿ, ದೇವರಾಗಿದ್ದರೆ ಸರಿಸಬಹುದಿತ್ತು ಅಂತ ಗೊಣಗಿದ. ಹೊಸ ನಕ್ಷೆಯಲ್ಲಿ ಗೇಟು ಪಕ್ಕಕ್ಕೆ ಹೋಗಿದೆ.

ಅಜ್ಜಿ ಆ ಮಂಗಳವಾರ ಸಂಜೆಯೇ ಮತ್ತೆ ಸಿಂಧೂರ ಬಳಿದಿದ್ದಳು. ನಂಬರು ಮುಚ್ಚಿಹೋಗಿದೆ, ಯಾರಾದರೂ ಕೇಳಿದರೆ ಫೋಟೋ ನನ್ನ ಮೊಬೈಲ್‌ನಲ್ಲಿದೆ. ಬುಟ್ಟಿ ಹೊತ್ತ ಹೆಂಗಸಿನ ಕಥೆಯನ್ನು ಈಗಲೂ ಹಾಗೇ ಹೇಳುತ್ತಾಳೆ. ನಾನು ನಡುವೆ ಬಾಯಿ ಹಾಕುವುದಿಲ್ಲ. ಇಷ್ಟೇ. ಹೇಳಲು ಇನ್ನೇನೂ ಇಲ್ಲ.